ಅರ್ಧ ಕೊಯ್ತಾ

"ಕೊಯ್ತಾಕ್ಕ ಹೂ ಬಿಟ್ಟ ದಿನ ಈ ಹುಡುಗಿ ಡಿಗ್ರಿ ಮಾಡ್ತಾಳ" ಎಂದವರು ಕಬ್ಬು ಕಡಿಯಲು ಆಳುಗಳನ್ನು ಕೂಡಿಸಿ ಕರೆದೊಯ್ಯುವ ನಮ್ಮ ಮುಕಾದಮ ನರಸಪ್ಪ ಕಾಕಾ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಮ್ಮವ್ವ ಮಾಡಿಕೊಟ್ಟ ಚಹಾವನ್ನೇ ಬಸಿಗೆ ಸುರಿದುಕೊಂಡು ಊದುತ್ತ ಈ ಮಾತು ಹೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ನಾಳೆ ಮೋಡ ಆಗಬಹುದು ಅನ್ನುತ್ತಾರಲ್ಲ, ಅಷ್ಟೇ ಸಹಜವಾಗಿ ಹೇಳಿದರು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಕಬ್ಬಿಣ ಹೂ ಬಿಡುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ? ನನಗೂ ಆ ದಿನ ಅವರ ಮಾತು ಸರಿಯಾಗಿದ್ದೀತು ಎಂದೇ ಅನಿಸಿತ್ತು.

ಇದೆಲ್ಲ ನೆನಪಾದದ್ದು ಮೊನ್ನೆ, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ. ಮುಂದೆ ಕಬ್ಬಿನ ಟ್ರೇಲರುಗಳು ಸಾಲುಗಟ್ಟಿ ನಿಂತಿದ್ದವು, ನಮ್ಮ ಬಸ್ಸೂ ನಿಂತಿತು. ಕಿಟಕಿಯಿಂದ ಆಗಷ್ಟೇ ಕಡಿದ ಕಬ್ಬಿನ ವಾಸನೆ ಬಂತು. ಆ ವಾಸನೆಯನ್ನು ನೀವು ಸಿಹಿ ಅಂದುಕೊಂಡಿರಬಹುದು. ಅದು ಹಸಿ ಹುಲ್ಲಿನಂತೆ, ಸ್ವಲ್ಪ ಒಗರಾಗಿ, ಮೂಗಿಗೆ ತರಚಿದಂತೆ ಇರುತ್ತದೆ. ಈ ಸಲ ಅದರೊಳಗೆ ಡೀಸೆಲ್ ವಾಸನೆಯೂ ಬೆರೆತಿತ್ತು. ನೋಡಿದರೆ ಹೊಲದಲ್ಲಿ ಮನುಷ್ಯರೇ ಇಲ್ಲ. ಮನೆಯಷ್ಟು ಎತ್ತರದ ಮಷಿನ್ ಒಂದು ನಿಂತ ಕಬ್ಬನ್ನು ನುಂಗುತ್ತ, ತುಂಡುಗಳನ್ನು ಪಕ್ಕದ ಟ್ರೇಲರಿಗೆ ಉಗುಳುತ್ತ ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕರು, "ಒಂದು ಟೋಳಿ ಮಂದಿ ಕೆಲಸ ಒಂದೇ ಮಾಡ್ತದ ನೋಡವ್ವ" ಎಂದರು. ಟೋಳಿ ಎಂದರೆ ಕಬ್ಬು ಕಡಿಯುವವರ ತಂಡ. ಹೌದ್ರಿ ಎಂದೆ. ತೊಡೆಯ ಮೇಲಿದ್ದ ಫೈಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಅದರಲ್ಲಿ ನನ್ನ ಬಿ.ಎ. ಪದವಿಯ ಪ್ರಮಾಣಪತ್ರ ಇತ್ತು.

ನಾನು ನಮ್ಮ ಮನೆತನದ ಮೊದಲ ಪದವೀಧರೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿನಲ್ಲಿ ಯಾರಾದರೂ ಊರು ಯಾವುದು ಎಂದು ಕೇಳಿದರೆ ಊರಿನ ಹೆಸರಿನ ಜೊತೆಗೆ ಬಿ.ಎ. ಆಗಿದೆ ಎಂದೂ ಸೇರಿಸಿಯೇ ಹೇಳುತ್ತೇನೆ. ಆ ಮುದುಕರಿಗೂ ಹೇಳಿದೆ. ಅವರು "ಚೊಲೋ ಆತು, ಕೆಲಸ?" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ. ಕೆಲಸ ಇನ್ನೂ ಸಿಕ್ಕಿಲ್ಲ. ಓದುವಾಗ ಮಾಣಿಕನಗರದಲ್ಲಿ ಯಾವ ಪೂಜಾ ಸಾಮಾನಿನ ಅಂಗಡಿಯಲ್ಲಿ ತೆಂಗಿನಕಾಯಿ, ಕಲ್ಲುಸಕ್ಕರೆ ಮಾರುತ್ತಿದ್ದೆನೋ, ಈಗಲೂ ಅಲ್ಲೇ ಮಾರುತ್ತೇನೆ. ವ್ಯತ್ಯಾಸ ಒಂದೇ. ಅಂಗಡಿಯ ಒಡತಿ ಮರಾಠಿ ಕಾಕು ಮೊದಲು ಮಗುವನ್ನು ಕರೆದಂತೆ "ಬಾಳ, ಇಕಡೆ ಬಾ" ಎನ್ನುತ್ತಿದ್ದವರು ಈಗ "ಗ್ರ್ಯಾಜುಯೇಟ್ ಬಾಯಿ, ಜರಾ ಆ ಊದಬತ್ತಿ ಕೊಡ್ರಿ" ಎನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ, ನಾನೂ ನಗುತ್ತಲೇ ಕೊಡುತ್ತೇನೆ.

ಕೊಯ್ತಾ ಎಂದರೆ ಕತ್ತಿ ಎಂದೆನಲ್ಲ, ಅದು ಪೂರ್ತಿ ಅರ್ಥವಲ್ಲ. ಕಬ್ಬಿನ ಕೆಲಸದಲ್ಲಿ ನಿಮ್ಮ ಟೋಳಿಯಲ್ಲಿ ಎಷ್ಟು ಆಳು ಎಂದು ಯಾರೂ ಕೇಳುವುದಿಲ್ಲ, ಎಷ್ಟು ಕೊಯ್ತಾ ಎಂದು ಕೇಳುತ್ತಾರೆ. ಒಂದು ಕೊಯ್ತಾ ಎಂದರೆ ಒಬ್ಬ ಗಂಡ, ಒಬ್ಬ ಹೆಂಡತಿ. ಗಂಡ ಬುಡಕ್ಕೆ ಕಡಿಯುತ್ತಾನೆ. ಹೆಂಡತಿ ಒಣ ಎಲೆಯ ರವದಿ ಸುಲಿದು, ತುದಿ ಸವರಿ, ಕಟ್ಟು ಕಟ್ಟುತ್ತಾಳೆ. ಟ್ರ್ಯಾಕ್ಟರ್ ಬಂದಾಗ ಇಬ್ಬರೂ ಕಟ್ಟು ಹೊತ್ತು, ಹಲಗೆ ಹತ್ತಿ, ಟ್ರೇಲರ್ ತುಂಬುತ್ತಾರೆ. ಮುಕಾದಮ ಮುಂಗಡ ಕೊಡುವುದು ಜೋಡಿಗೆ. ಹೊಲದ ಅಂಚಿನಲ್ಲಿ ಗುಡಿಸಲಿಗೆ ಜಾಗ ತೋರಿಸುವುದೂ ಜೋಡಿಗೆ. ಒಬ್ಬಂಟಿಗರು ಅರ್ಧ ಕೊಯ್ತಾ. ಅರ್ಧವನ್ನು ಕರೆದುಕೊಂಡು ಹೋಗುವ ಮುಕಾದಮ ಕಡಿಮೆ. ಆ ಅರ್ಧ ಹೆಣ್ಣಾಗಿದ್ದರೆ ಇಲ್ಲವೇ ಇಲ್ಲ ಎನ್ನಿ.

ಇದನ್ನು ಯಾರು ನಿಯಮ ಮಾಡಿದರೋ ಗೊತ್ತಿಲ್ಲ. ಯಾವ ಗೋಡೆಯ ಮೇಲೂ ಬರೆದದ್ದನ್ನು ನಾನು ನೋಡಿಲ್ಲ. ಆದರೆ ನಮ್ಮ ಮಂದಿಯ ಮದುವೆಗಳೆಲ್ಲ ಅದಕ್ಕೆ ತಕ್ಕಂತೆ ಬಾಗಿಕೊಂಡವು. ಬೇರೆಯವರು ರಾಶಿ ಮುಗಿಸಿ, ಬೇಸಿಗೆಯಲ್ಲಿ ಹಂದರ ಹಾಕಿ ಮದುವೆ ಮಾಡುತ್ತಾರೆ. ನಮ್ಮವು ದಸರೆಗೆ ಮೊದಲೇ ಆಗಬೇಕು, ಯಾಕೆಂದರೆ ದೀಪಾವಳಿಗೆ ಟ್ರ್ಯಾಕ್ಟರ್ ಬಾಗಿಲಿಗೆ ಬರುತ್ತದೆ. ಹುಡುಗನಿಗೆ ಮೀಸೆ ಬಂತೋ ಇಲ್ಲವೋ, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಬೀಳುವಷ್ಟರಲ್ಲಿ ಅವನಿಗೊಬ್ಬಳು ಹೆಂಡತಿ ಬೇಕು. ಹುಡುಗಿಗೆ ವಯಸ್ಸಾಯಿತೋ ಇಲ್ಲವೋ ಎಂಬುದನ್ನು ಕೇಳುವ ಪುರುಸೊತ್ತು ಆ ತಿಂಗಳಲ್ಲಿ ಯಾರಿಗೂ ಇರುವುದಿಲ್ಲ. ನಮ್ಮ ಮುಹೂರ್ತಗಳನ್ನು ತೆಗೆಯುತ್ತಿದ್ದದ್ದು ಆ ಬಾಯ್ಲರ್ ಎಂದು ನಾನು ಈಗ ಹೇಳಬಲ್ಲೆ. ಆಗ ಹೀಗೆಲ್ಲ ಹೊಳೆಯುತ್ತಿರಲಿಲ್ಲ. ಹೊಸ ಸೀರೆ ಉಟ್ಟು ಟ್ರ್ಯಾಕ್ಟರ್ ಹತ್ತುವ ಮದುಮಕ್ಕಳನ್ನು ನೋಡಿ ನಾನೂ ಚಪ್ಪಾಳೆ ಹೊಡೆದವಳೇ.

ಕಾಲೇಜಿನಲ್ಲಿ ಒಮ್ಮೆ ಹೀಗಾಯಿತು. ಅರ್ಥಶಾಸ್ತ್ರದ ಸರ್ ಪಾಠ ಮಾಡುತ್ತ, "ಶ್ರಮದ ಒಂದು ಘಟಕ ಅಂದರೆ ಏನು?" ಎಂದು ಕೇಳಿದರು. ನಾನು ಎದ್ದು ನಿಂತು, ಬಹಳ ಧೈರ್ಯದಿಂದ, "ಗಂಡ ಹೆಂಡತಿ ಸರ್" ಎಂದೆ. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಹಿಂದಿನ ಬೆಂಚಿನ ಒಬ್ಬ, "ಸರ್, ಇಕಿಗಿ ಲಗೂನ ಲಗ್ನ ಮಾಡ್ರಿ" ಎಂದ. ಸರ್ ನಗಲಿಲ್ಲ. ಆಮೇಲೆ ಕರೆದು ಕೇಳಿದರು. ನಾನು ಕೊಯ್ತಾದ ಲೆಕ್ಕ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, "ಖರೇ ಅದವ್ವ. ಆದ್ರ ಪರೀಕ್ಷೆದಾಗ ಹಿಂಗ ಬರೀಬ್ಯಾಡ, ಮಾರ್ಕ್ಸ್ ಹೋಗ್ತಾವ" ಎಂದರು. ನಾನು ಬರೆಯಲಿಲ್ಲ. ಮಾರ್ಕ್ಸ್ ಬಂದವು.

ನಮ್ಮಪ್ಪ ಕಾಮಾಲೆಯಾಗಿ ತೀರಿಕೊಂಡಾಗ ನಾನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಮಣ್ಣು ಮಾಡಿ ಬಂದವರೆಲ್ಲ ಅವ್ವನಿಗೆ ಸಮಾಧಾನ ಹೇಳಿದರು. ಬುದ್ಧ ವಿಹಾರದ ಹಿರಿಯರು ಬಂದು ಮೇಣಬತ್ತಿ ಹಚ್ಚಿ ಬುದ್ಧವಂದನೆ ಹೇಳಿಕೊಟ್ಟು ಹೋದರು. ಅವ್ವ ಅಳುತ್ತಿದ್ದಳು. ಆ ಅಳುವಿನ ನಡುವೆ ಅವಳು ಹೇಳಿದ ಒಂದು ಮಾತು ನನಗೆ ಆಗ ವಿಚಿತ್ರ ಅನಿಸಿತ್ತು: "ನಾ ಅರ್ಧ ಆದ್ನಲ್ಲ ಯವ್ವಾ." ಗಂಡ ಸತ್ತ ದುಃಖಕ್ಕೆ ಹಾಗಂದಳು ಎಂದುಕೊಂಡಿದ್ದೆ. ಆ ವರ್ಷ ದೀಪಾವಳಿಗೆ ನಮ್ಮ ಬಾಗಿಲಿಗೆ ಟ್ರ್ಯಾಕ್ಟರ್ ಬರದೆ ಹೋದಾಗ ಅವಳ ಮಾತಿನ ಇನ್ನರ್ಧ ತಿಳಿಯಿತು.

ಅವ್ವ ಊರಲ್ಲೇ ಕಳೆ ಕೀಳುತ್ತ, ಸಿಕ್ಕ ಕೂಲಿ ಮಾಡುತ್ತ ನಮ್ಮಿಬ್ಬರನ್ನು ಸಾಕಿದಳು. ಇಬ್ಬರು ಎಂದರೆ ನಾನು ಮತ್ತು ನನ್ನ ಅಕ್ಕ ಸುಗಂಧಾ. ಅಕ್ಕ ಓಡುವುದರಲ್ಲಿ ಬಹಳ ಚುರುಕು. ಖೋ ಖೋ ಆಡುವಾಗ ಅವಳನ್ನು ಮುಟ್ಟುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಆಟದ ಮಾಸ್ತರರು ಅವಳನ್ನು ತಾಲೂಕಿನ ಪಂದ್ಯಕ್ಕೆ ಹುಮನಾಬಾದಿಗೆ ಕರೆದುಕೊಂಡು ಹೋಗಿದ್ದರು. ಅವಳು ಅಲ್ಲಿಂದ ಒಂದು ಸ್ಟೀಲ್ ತಟ್ಟೆ ಗೆದ್ದು ತಂದಳು. ಆ ತಟ್ಟೆಯಲ್ಲಿ ಉಣ್ಣಲು ನಾನು ಎಷ್ಟು ಜಗಳ ಮಾಡಿದ್ದೇನೋ. ಊರಲ್ಲೆಲ್ಲ ಅವಳ ಓಟದ ಮಾತು. ಆ ಮಾತು ನರಸಪ್ಪ ಕಾಕಾನ ಕಿವಿಗೂ ಬಿತ್ತು.

ಅವರು ಬಸವಕಲ್ಯಾಣದ ಕಡೆಯ ಕೊಹಿನೂರು ಹಳ್ಳಿಯಿಂದ ಒಂದು ಸಂಬಂಧ ತಂದರು. ಹುಡುಗ ಒಳ್ಳೆಯವನು, ಕಡಿಯುವುದರಲ್ಲಿ ಗಟ್ಟಿಗ, ಜೋಡಿ ಇಲ್ಲದ್ದಕ್ಕೆ ಒಂದು ಹಂಗಾಮು ಮನೆಯಲ್ಲೇ ಕೂತಿದ್ದ. ಹೆಣ್ಣು ನೋಡಲು ಬಂದವರು ಅಕ್ಕನ ಮುಖವನ್ನು ಸರಿಯಾಗಿ ನೋಡಿದರೋ ಇಲ್ಲವೋ. ಹಾಡು ಹೇಳು ಎನ್ನಲಿಲ್ಲ, ಅಡುಗೆ ಬರುತ್ತದಾ ಎನ್ನಲಿಲ್ಲ. ಹುಡುಗನ ತಾಯಿ ಅವಳ ಅಂಗೈ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಹಿತ್ತಲಲ್ಲಿದ್ದ ಜೋಳದ ಒಣದಂಟಿನ ಕಣಕಿ ಕಟ್ಟು ತೋರಿಸಿ, "ಜರಾ ತಲಿಮ್ಯಾಲ ಇಟ್ಕೊಂಡು ಅಲ್ಲೀ ತನಕ ಹೋಗಿ ಬಾರವ್ವ" ಎಂದಳು. ಅಕ್ಕ ಹುಡುಗಾಟದವಳು. ಕಟ್ಟು ಹೊತ್ತು ಹೋಗಿ ಬಾ ಎಂದರೆ ಓಡಿ ಹೋಗಿ ಓಡಿ ಬಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸಕ್ಕರೆ ಹಂಚಿದರು. ಆಗ ಅವಳು ಒಂಬತ್ತನೇ ಕ್ಲಾಸು. ದಸರೆಗೆ ಮೊದಲು ಮದುವೆಯಾಯಿತು. ದೀಪಾವಳಿ ಮರುದಿನ ಟ್ರ್ಯಾಕ್ಟರ್ ಹತ್ತಿದಳು.

ನನ್ನ ಓದಿಗೆ ಬೇಕಾದದ್ದೆಲ್ಲ ಆಮೇಲೆ ಅಕ್ಕನಿಂದಲೇ ಬಂತು. ಪುಸ್ತಕ, ಬಸ್ ಪಾಸು, ಕಾಲೇಜಿನ ಮೊದಲ ದಿನ ಹಾಕಿಕೊಂಡ ಚಪ್ಪಲಿ. ಹಂಗಾಮು ಮುಗಿಸಿ ಯುಗಾದಿಗೆ ಬಂದಾಗ ಅವಳು ನನ್ನ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವುತ್ತಿದ್ದಳು. ಅವಳ ಬೆರಳುಗಳು ಕಬ್ಬಿನ ಎಲೆಯಿಂದ ಸೀಳಿ ಒರಟಾಗಿ, ಹಾಳೆಗೆ ತಾಗಿದಾಗ ಸರಸರ ಸದ್ದು ಬರುತ್ತಿತ್ತು. "ಹರೀತದ ಅಕ್ಕಾ" ಎಂದರೆ, "ನಿನ್ನ ಹಾಳಿ ಹರಿಯೂದಕ್ಕ ನಾ ಕೊಯ್ತಾ ತರಬೇಕಾಗಿಲ್ಲ ನೋಡು, ಕೈಯೇ ಸಾಕು" ಎಂದು ನಗುತ್ತಿದ್ದಳು.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ, ಮೊದಲಲ್ಲಿ ಹೇಳಿದ ಆ ಚಹಾದ ದಿನ ಬಂತು. ಅಕ್ಕನ ಮೈದುನ ಸಂಜು ಕಡಿಯುವ ವಯಸ್ಸಿಗೆ ಬಂದಿದ್ದ. ಅವನಿಗೆ ಜೋಡಿ ಬೇಕಿತ್ತು. ನರಸಪ್ಪ ಕಾಕಾ ಅವ್ವನಿಗೆ ಬಿಡಿಸಿ ಹೇಳಿದರು: "ನೋಡವ್ವ ತಂಗಿ, ಅಕ್ಕ ತಂಗಿ ಒಂದೇ ಮನಿಗಿ ಸೊಸ್ತ್ಯಾರ ಆಗ್ತಾರ. ಒಬ್ಬರಿಗೊಬ್ಬರು ಆಸರ. ಇಕಿ ಕಾಲೇಜಿಗಿ ಹೋಗಿ ಏನ ತರ್ತಾಳ? ಕೊಯ್ತಾಕ್ಕ ಹೂ ಬಿಟ್ಟ ದಿನ ಡಿಗ್ರಿ ಮಾಡ್ತಾಳ."

ಅರ್ಧವಾಗಿ ಉಳಿಯುವುದು ಹೇಗಿರುತ್ತದೆ ಎಂದು ಅವ್ವನಿಗೆ ಗೊತ್ತಿತ್ತು, ತನ್ನ ಸಣ್ಣ ಮಗಳಾದರೂ ಪೂರ್ತಿ ಇರಲಿ ಎಂದು ಅವಳ ಆಸೆ. ಅವಳದು ತಪ್ಪು ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಅವಳು ಮುಕಾದಮರಿಗೆ ನಾಳೆ ಹೇಳುತ್ತೇನೆ ಎಂದಳು. ನಮ್ಮ ಕಡೆ ಹೆಣ್ಣಿನವರು ನಾಳೆ ಎಂದರೆ ಹೌದು ಎಂದೇ ಅರ್ಥ.

ಮರುದಿನ ಮಧ್ಯಾಹ್ನ ನರಸಪ್ಪ ಕಾಕಾ ಮತ್ತೆ ಬಂದು ಕೂತಿದ್ದಾಗ ಅಕ್ಕ ಕೊಹಿನೂರಿನಿಂದ ಬಂದಿಳಿದಳು. ಯಾರು ಹೇಳಿ ಕಳಿಸಿದ್ದರೋ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ಸಹ ಕುಡಿಯದೆ ನಿಂತಳು.

"ಕಾಕಾ, ಇಕೀನ್ನ ಬಿಡ್ರಿ. ಓದಾಕತ್ತಾಳ."

"ಮತ್ತ ಸಂಜುನ ಜೋಡಿ?"

"ನಾ ಆಗ್ತೀನಿ. ಅಣ್ಣ ತಮ್ಮ ಇಬ್ಬರೂ ಕಡೀಲಿ. ಇಬ್ಬರದೂ ನಾ ಒಬ್ಬಾಕಿ ಸುಲೀತೀನಿ, ಕಟ್ಟತೀನಿ."

ಮುಕಾದಮರು ಬಸಿ ಕೆಳಗಿಟ್ಟು ನಕ್ಕರು. "ಇಬ್ಬರು ಗಂಡಾಳಿಗಿ ಒಬ್ಬಾಕಿ ಹೆಣ್ಣಾಳು ಸಾಲ್ತಾಳೇನ ಸುಗಂಧಿ? ಹೈರಾಣ ಆಗ್ತಿ."

"ಇಲ್ಲಿ ಕುಂತು ಚಾ ಕುಡ್ಕೋತ ಸಾಲಂಗಿಲ್ರಿ ಕಾಕಾ. ಹೊಲದಾಗ ಸಾಲ್ತೀನಿ. ಬಂದು ನೋಡ್ರಿ."

ಅವ್ವ "ಹಿರಿಯರಿಗಿ ಹಂಗ ಅನಬಾರದು" ಎಂದು ಗದರಿದಳು. ನರಸಪ್ಪ ಕಾಕಾ ಬಹಳ ಹೊತ್ತು ಮೀಸೆ ಸವರಿಕೊಂಡರು. ಆ ಮನೆಯನ್ನು ಒಂದೂವರೆ ಕೊಯ್ತಾ ಎಂದು ಹಿಡಿದರು. ನನ್ನ ಓದು ಉಳಿಯಿತು. ಒಬ್ಬಳ ಕೈ ಇಬ್ಬರ ಕೆಲಸಕ್ಕೆ ಒಪ್ಪಿಕೊಂಡದ್ದರಿಂದ ನನ್ನ ಎರಡು ಕೈ ಪೆನ್ನು ಹಿಡಿಯಲು ಖಾಲಿ ಉಳಿದವು. ಇದನ್ನು ಯಾವ ಸಿದ್ಧಾಂತದ ಕೆಳಗೆ ಬರೆಯಬೇಕು ಎಂದು ನಮ್ಮ ಸರ್‌ಗೆ ಕೇಳಬೇಕು ಎಂದುಕೊಂಡಿದ್ದೆ. ಕೇಳಲಿಲ್ಲ.

ಆ ಹಂಗಾಮಿನ ಸಂಕ್ರಾಂತಿ ರಜೆಯಲ್ಲಿ ಅವ್ವ ಎಳ್ಳಿನ ಹೋಳಿಗೆ ಕಟ್ಟಿಕೊಟ್ಟು ಅಕ್ಕನಿಗೆ ಕೊಟ್ಟು ಬಾ ಎಂದಳು. ಅವರ ಟೋಳಿ ಹಳ್ಳಿಖೇಡದ ಕಡೆ ಒಂದು ಹೊಲದಲ್ಲಿ ಇಳಿದಿತ್ತು. ಹೋದಾಗ ಬಿಸಿಲು ಏರಿತ್ತು. ಮಾಮಾ ಒಂದು ಸಾಲಿನಲ್ಲಿ, ಸಂಜು ಇನ್ನೊಂದು ಸಾಲಿನಲ್ಲಿ ಕಡಿಯುತ್ತಿದ್ದರು. ಮಾಮಾ ಎಂದರೆ ಅಕ್ಕನ ಗಂಡ. ಅವರಿಬ್ಬರ ಹಿಂದೆ ಅಕ್ಕ ಆ ಸಾಲಿನಿಂದ ಈ ಸಾಲಿಗೆ, ಈ ಸಾಲಿನಿಂದ ಆ ಸಾಲಿಗೆ ಓಡುತ್ತಿದ್ದಳು. ಖೋ ಖೋ ಅಂಗಳದಲ್ಲಿ ನೋಡಿದ ಅದೇ ಓಟ. ಬಾಗಿ, ಸುಲಿದು, ಕಟ್ಟಿ, ಎದ್ದು ಓಟ. ಉಳಿದ ಹೆಂಗಸರು ಬೆನ್ನು ನೇರ ಮಾಡಿಕೊಳ್ಳಲು ಆಗಾಗ ನಿಲ್ಲುತ್ತಿದ್ದರು. ಇವಳು ನಿಲ್ಲುವಂತಿರಲಿಲ್ಲ. ಒಬ್ಬನ ಹಿಂದೆ ನಿಂತರೆ ಇನ್ನೊಬ್ಬನ ಹಿಂದೆ ಕಬ್ಬು ರಾಶಿ ಬೀಳುತ್ತಿತ್ತು.

ನನ್ನನ್ನು ನೋಡಿದರೂ ಕೈ ಬಿಡಲಿಲ್ಲ. ಕಟ್ಟುತ್ತಲೇ, "ಏನ ಓದಾಕತ್ತಿ ಈಗ?" ಎಂದಳು.

"ಬೇಡಿಕೆ ಮತ್ತ ಪೂರೈಕೆ."

"ಅದರಾಗ ನಮ್ಮದು ಬರ್ತದೇನ?"

"ಬರ್ತದ. ಕೂಲಿ ಅಂತ ಬರ್ತದ."

"ಹೆಸರು ಹಾಕಿಲ್ಲ?"

"ಇಲ್ಲ."

"ಚೊಲೋ ಆತು ಬಿಡು. ಹೆಸರಿದ್ರ ಮುಕಾದಮ ಪುಸ್ತಕದಾಗೂ ಹುಡುಕ್ಕೋತ ಬರ್ತಿದ್ದ." ಹಿಂದಿನ ಸಾಲಿನ ಹೆಂಗಸರು ನಕ್ಕರು. ಅಕ್ಕನೂ ನಕ್ಕಳು. ನಕ್ಕವಳು ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದುಕೊಂಡು ಒಂದು ಕ್ಷಣ ಕಣ್ಣು ಮುಚ್ಚಿದಳು. ಏನಾಯಿತು ಎಂದೆ. "ಏನಿಲ್ಲ, ನಿನ್ನ ಪೂರೈಕೆ ಕೇಳಿ ಹಸಿವಿ ಆಯ್ತು. ಹೋಳಗಿ ಕೊಡು" ಎಂದಳು. ತಿಂದದ್ದು ಅರ್ಧ. ಉಳಿದರ್ಧ ಸಂಜುವಿಗೆ ಕೊಟ್ಟಳು.

ಮುಂದಿನ ಹಂಗಾಮಿನಲ್ಲೂ ಅವಳು ಹೀಗೆಯೇ ಓಡಿದಳು. ಅವಳಿಗೆ ಬಸಿರು ನಿಂತು ಹೋದದ್ದು, ಮತ್ತೊಮ್ಮೆ ನಿಂತು ಮತ್ತೆ ಹೋದದ್ದು, ಕಟ್ಟು ಹೊತ್ತು ಹಲಗೆ ಹತ್ತುವಾಗ ರಕ್ತ ಹರಿದದ್ದು, ಯಾವುದೂ ನಮಗೆ ತಿಳಿಯಲಿಲ್ಲ. ಅವಳು ಹೇಳಲಿಲ್ಲ. ಕೊನೆಗೆ ಮಾಮಾ ಅವಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ಗರ್ಭದ ಚೀಲ ತೆಗೆಯಬೇಕಾಯಿತು. ನಮ್ಮ ಟೋಳಿಗಳಲ್ಲಿ ಚೀಲ ತೆಗೆಸಿಕೊಂಡ ಹೆಂಗಸರು ಅವಳೊಬ್ಬಳೇ ಅಲ್ಲ. ಆದರೆ ಉಳಿದವರಿಗೆ ಮಕ್ಕಳಿದ್ದರು, ಇವಳಿಗಿರಲಿಲ್ಲ. ನಾನು ಮಂಚದ ಪಕ್ಕ ಕೂತು ಅಳುತ್ತಿದ್ದರೆ ಅವಳು ಛಾವಣಿ ನೋಡುತ್ತ, "ಅಳಬ್ಯಾಡ. ಇನ್ನ ತಿಂಗಳಿಗೊಮ್ಮೆ ಸೊಂಟ ಹಿಡಕೊಂಡು ಕೂಡೂದು ತಪ್ಪತು" ಎಂದಳು.

ಅವಳು ಎದ್ದು ಓಡಾಡುವಷ್ಟರಲ್ಲಿ ಹೊಲಗಳಿಗೆ ಮಷಿನ್ ಬಂತು. ಮೊದಲು ದೊಡ್ಡ ರೈತರ ಹೊಲಕ್ಕೆ, ಆಮೇಲೆ ಒಬ್ಬೊಬ್ಬರದೇ. ಟೋಳಿಗಳು ಒಡೆದವು. ಆಮೇಲೆ ಒಂದು ಸಂಗತಿ ನಡೆಯಿತು, ಯಾರೂ ಅದರ ಬಗ್ಗೆ ಭಾಷಣ ಮಾಡಿದ್ದು ನಾನು ಕೇಳಿಲ್ಲ. ನಮ್ಮ ಓಣಿಯಲ್ಲಿ ದಸರೆಗೆ ಮೊದಲಿನ ಮದುವೆಗಳು ನಿಂತವು. ಜೋಡಿ ಬೇಕಿಲ್ಲ ಎಂದ ಮೇಲೆ ಗಡಿಬಿಡಿ ಯಾಕೆ? ಒಂಬತ್ತನೇ ಕ್ಲಾಸಿನ ಹುಡುಗಿಯರು ಹತ್ತನೇ ಕ್ಲಾಸಿಗೆ ಹೋಗತೊಡಗಿದರು. ಶಾಲೆಯ ಟೀಚರ್ ಬಾಯಾರು ನನ್ನನ್ನು ತಡೆದು, "ನೋಡು, ನಾವು ಮನಿಮನಿಗಿ ಹೋಗಿ ತಿಳಿಸಿ ಹೇಳಿದ್ದು ಈಗ ಫಲ ಕೊಡಾಕತ್ತದ" ಎಂದರು. ಹೌದ್ರಿ ಬಾಯಿ ಎಂದೆ. ಅವರು ಬಿಸಿಲಲ್ಲಿ ಮನೆಮನೆ ತಿರುಗಿದ್ದು ಸುಳ್ಳಲ್ಲ. ಆದರೆ ಅವರ ಹತ್ತು ಮಾತು ಮಾಡದ್ದನ್ನು ಆ ಮಷಿನಿನ ಹಲ್ಲು ಮಾಡಿತು ಎಂದು ನನಗೆ ಅನಿಸಿತು. ಅದೇ ಹಲ್ಲು ನಮ್ಮಕ್ಕನಂಥವರ ಕೂಳನ್ನೂ ಕಡಿಯಿತು. ಒಂದೇ ಮಷಿನಿಗೆ ಕೈ ಮುಗಿಯಲೋ ಕಲ್ಲು ಹೊಡೆಯಲೋ ತಿಳಿಯದೆ ನಾನು ಬಸ್ಸಿನ ಕಿಟಕಿಯಿಂದ ಅದನ್ನು ಸುಮ್ಮನೆ ನೋಡಿದ್ದು ಅದಕ್ಕೇ.

ಇನ್ನೊಂದು ಕಡೆಯೂ ಇದೆ. ಮೊದಲು ಕೆಲಸವಿದೆ ಎಂದು ಹುಡುಗರಿಗೆ ಹೆಣ್ಣು ಸಿಗುತ್ತಿತ್ತು, ಈಗ ಕೆಲಸವಿಲ್ಲ ಎಂದು ಸಿಗುವುದಿಲ್ಲ. ಸಂಜು ಈಗ ಮಷಿನಿನ ಹಿಂದೆ ಉದುರಿದ ತುಂಡು ಆಯುತ್ತ ತಿರುಗುತ್ತಾನೆ. ಸಿಕ್ಕಾಗೊಮ್ಮೆ, "ಅವತ್ತು ನೀನು ಹೂಂ ಅಂದಿದ್ರ ನನಗೊಂದು ಹೆಂಡ್ತಿ ಇರ್ತಿದ್ಳು ನೋಡು" ಎಂದು ತಮಾಷೆ ಮಾಡುತ್ತಾನೆ. ಅವನ ತಮಾಷೆಯಲ್ಲಿ ನಗುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಮಾಮಾ ಹೈದರಾಬಾದಿಗೆ ಹೋದ. ಅಲ್ಲಿ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ. ಗಂಡ ಗೇಟಿಗೆ, ಹೆಂಡತಿ ಮೇಲಿನ ಮನೆಗಳ ಕಸ ಮುಸುರೆಗೆ. ಅಲ್ಲಿಯೂ ಜೋಡಿಯೇ ಬೇಕಂತೆ. ಅಕ್ಕ ಒಂದು ತಿಂಗಳು ಹೋಗಿದ್ದಳು. ಮೆಟ್ಟಿಲು ಹತ್ತಲಾರದೆ, ನೀರಿನ ಬಕೀಟು ಎತ್ತಲಾರದೆ ವಾಪಸು ಬಂದಳು. ಅವನು ಬರಲಿಲ್ಲ. ಮೊದಮೊದಲು ಫೋನು ಮಾಡುತ್ತಿದ್ದ, ಆಮೇಲೆ ಅದೂ ನಿಂತಿತು. ಏನಾಯಿತಕ್ಕ ಎಂದು ನಾನು ಕೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಅಲ್ಲೊಬ್ಬಾಕಿ ಜೋಡಿ ಸಿಕ್ಕಾಳಂತ" ಎಂದಳು. ಬಯ್ಯಲಿಲ್ಲ. ಕೆಲಸ ಅವರನ್ನು ಕೂಡಿಸಿತ್ತು, ಕೆಲಸ ಬದಲಾದ ಮೇಲೆ ಅವರೂ ಬದಲಾದರು ಎಂದು ಅವಳು ಅರ್ಥ ಮಾಡಿಕೊಂಡಂತಿತ್ತು. ನನಗೆ ಮಾತ್ರ ಅದು ಇನ್ನೂ ಅರ್ಥವಾಗಿಲ್ಲ. ಆಸ್ಪತ್ರೆಯಲ್ಲಿ ಅವಳ ಕಾಲ ಬುಡದಲ್ಲಿ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತವನೂ ಅವನೇ ಅಲ್ಲವೇ?

ನರಸಪ್ಪ ಕಾಕಾ ಈಗ ಮುಕಾದಮರಲ್ಲ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಎದುರು ಒಂದು ಹೋಟೆಲಿನ ಬೆಂಚಿನ ಮೇಲೆ ಕೂತಿರುತ್ತಾರೆ. ಆಳುಗಳಿಲ್ಲದ ಮುಕಾದಮನಿಗೆ ಊರಲ್ಲಿ ಮರ್ಯಾದೆಯೂ ಅರ್ಧ. ಮೊನ್ನೆ ನಾನು ಬಸ್ಸು ಹತ್ತುವ ಮೊದಲು ಅವರನ್ನು ಕಂಡು, ಮುಚ್ಚುಮರೆ ಯಾಕೆ, ಬೇಕೆಂದೇ ಫೈಲು ತೆಗೆದು ತೋರಿಸಿದೆ. ಅವರು ಪತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಪಕ್ಕದವರಿಗೆ, "ನಮ್ಮ ಟೋಳಿ ಹುಡುಗಿ. ನಾ ಅವಾಗೇ ಹೇಳಿದ್ದೆ, ಇಕಿ ಏನಾರೆ ಮಾಡ್ತಾಳಂತ" ಎಂದರು. ನಾನು ತಿದ್ದಲಿಲ್ಲ. ಆಮೇಲೆ ದನಿ ತಗ್ಗಿಸಿ, "ಸುಗಂಧಿ ಹ್ಯಾಂಗ ಅದಾಳ?" ಎಂದರು. ಅದಾಳ್ರಿ ಎಂದೆ. ಅವರು ಬೇರೆ ಕಡೆ ನೋಡಿದರು.

ಘಟಿಕೋತ್ಸವಕ್ಕೆ ಅವ್ವ ಬಂದಿದ್ದಳು. ಪತ್ರವನ್ನು ಒಮ್ಮೆ ಹಣೆಗೆ ಒತ್ತಿಕೊಂಡು ನನ್ನ ಕೈಗೇ ವಾಪಸು ಕೊಟ್ಟು, "ಇದು ಮೊದಲ ನಿಮ್ಮಕ್ಕನ ಕೈಯಾಗ ಕೊಡು, ಆಮ್ಯಾಲ ಮನಿಗಿ ತಾ" ಎಂದಿದ್ದಳು. ಅದಕ್ಕೇ ಈ ಪ್ರಯಾಣ. ಟ್ರೇಲರುಗಳು ಸರಿದವು, ಬಸ್ಸು ಬಸವಕಲ್ಯಾಣ ಮುಟ್ಟಿತು. ಅಲ್ಲಿಂದ ಕೊಹಿನೂರಿಗೆ ಜೀಪು ಹಿಡಿದೆ. ಹತ್ತುವಾಗ ಇದ್ದ ಹೆಮ್ಮೆ ಇಳಿಯುವಾಗ ಅಷ್ಟೇ ಇರಲಿಲ್ಲ ಎಂದು ನಿಮಗೆ ಹೇಳಿದರೆ ತಪ್ಪು ತಿಳಿಯಬೇಡಿ. ಹೆಮ್ಮೆ ಇತ್ತು. ಅದರ ತೂಕ ಬೇರೆಯಾಗಿತ್ತು.

ಅಕ್ಕ ಅಂಗಳದಲ್ಲಿ ಕೂತು ಯಾರದೋ ತೊಗರಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಕೋಲು ಬದಿಗಿಟ್ಟಳು. ಏಳುವಾಗ ಒಂದು ಕೈ ನೆಲಕ್ಕೂರಿ ಎದ್ದಳು. ಪತ್ರ ತೆಗೆದಾಗ, "ನಿಲ್ಲು, ಕೈ ಹೊಲಸ ಆಗ್ಯಾವ" ಎಂದು ಕೊಡದ ನೀರಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೊಮ್ಮೆ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದಳು. ನಾನು ಅವಳ ಕೈಯಲ್ಲಿ ಇಟ್ಟೆ.

ಅವಳು ಹೊಸ್ತಿಲ ಮೇಲೆ ಕೂತು ಓದಿದಳು. ನನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ. ಕೆಳಗಿನ ಸಹಿ ನೋಡಿದಳು, ಮುದ್ರೆ ನೋಡಿದಳು. ಹಿಂದೆ ತಿರುಗಿಸಿ ಅಲ್ಲಿ ಏನಾದರೂ ಇದೆಯೇ ಎಂದು ನೋಡಿದಳು. ಮತ್ತೆ ನನ್ನ ಹೆಸರಿಗೆ ಬಂದಳು.

"ನಿನ್ನ ಒಬ್ಬಾಕಿ ಹೆಸರಿಗೇ ಕೊಟ್ಟಾರ?"

"ಹೌದಕ್ಕ."

"ಜೋಡಿ ಯಾರು ಅಂತ ಕೇಳಲಿಲ್ಲ?"

"ಇಲ್ಲ."

ಅವಳು ಪತ್ರವನ್ನು ಬಿಸಿಲು ಬೀಳದಂತೆ ಸೆರಗಿನ ನೆರಳಿಗೆ ಹಿಡಿದುಕೊಂಡಳು.

"ಹಂಗಾದ್ರ ಇದನ್ನ ಕೊಟ್ಟಾರಲ್ಲ, ಅಲ್ಲಿ ನನಗೂ ಒಂದು ಕೆಲಸ ಅದೇನ ಕೇಳಿ ನೋಡು ತಂಗಿ. ನಾನೂ ಈಗ ಒಬ್ಬಾಕೇ ಅದೀನಿ."